ಮಳೆಗೆ ಮೊದಲು ಯಾವ ಸಂಕ, ಯಾವ ದಾರಿ? ಮಲೆನಾಡಿನ ಒಂದು ಪಂಚಾಯಿತಿಯ ದುರಸ್ತಿ ಪಟ್ಟಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ಮಾಲತಿ ನದಿಗೆ ಸೇರುವ ಹಳ್ಳಗಳ ನಡುವೆ ಹರಡಿಕೊಂಡ ಒಂದು ಗ್ರಾಮ ಪಂಚಾಯಿತಿ ಎಂದಿಟ್ಟುಕೊಳ್ಳಿ. ಊರಿನ ಹೆಸರು ಬೇಕಾಗಿಲ್ಲ. ಇದು ಮಾದರಿ ಪ್ರಕರಣ. ಅಳತೆ, ಮೊತ್ತಗಳನ್ನು ಈ ಭಾಗದ ನೆಲಕ್ಕೂ ಮಳೆಗೂ ಹೊಂದುವಂತೆ ಇಟ್ಟಿದೆ. ಒಂದೊಂದು ಮನೆಯೂ ಒಂದೊಂದು ಗುಡ್ಡದ ಬುಡದಲ್ಲಿ. ಬಸ್ಸು ಡಾಂಬರು ರಸ್ತೆಗಷ್ಟೇ ಬರುತ್ತದೆ, ಅಲ್ಲಿಂದ ಒಳಗೆ ಕಾಲು ಇಲ್ಲವೇ ಸೈಕಲ್ಲು. ಇಂಥ ದಾರಿಗಳು ಒಟ್ಟು 11, ಉದ್ದ 23 ಕಿ.ಮೀ. ದುರಸ್ತಿಗೆ ಕೈಯಲ್ಲಿರುವುದು 3 ಲಕ್ಷ ರೂಪಾಯಿ.

ಹಣ ಇಷ್ಟೇ ಏಕೆ ಎಂದರೆ, 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲಿ ಬೀದಿದೀಪ, ಅಂಗನವಾಡಿ ಮಾಡು, ಚರಂಡಿ ಎಲ್ಲವೂ ಪಾಲು ಕೇಳುತ್ತವೆ. ಕಾಲುದಾರಿಗೆ ಬರುವುದು ಅಳಿದುಳಿದದ್ದು ಮತ್ತು ಪಂಚಾಯಿತಿಯ ಸ್ವಂತ ತೆರಿಗೆಯ ಒಂದಿಷ್ಟು.

ಗ್ರಾಮಸಭೆಯಲ್ಲಿ ಮೊದಲು ಎದ್ದ ಬೇಡಿಕೆ ದೇವಸ್ಥಾನದ ದಾರಿಗೆ ಕಾಂಕ್ರೀಟು. 180 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 10 ಸೆಂ.ಮೀ. ದಪ್ಪ ಎಂದರೆ 27 ಘನ ಮೀಟರ್ ಕಾಂಕ್ರೀಟು. ಜಲ್ಲಿ, ಮರಳಿನ ಸಾಗಣೆ ಸೇರಿದರೆ ಎರಡು ಕಾಲು ಲಕ್ಷ ಅಲ್ಲಿಗೇ ಹೋಗುತ್ತದೆ. ಕೇಳಿದವರು ತಪ್ಪೇನೂ ಕೇಳಿಲ್ಲ. ಆ ದಾರಿಯಲ್ಲಿ ಓಡಾಡುವವರೇ ಹೆಚ್ಚು, ಪಾಚಿ ಕಟ್ಟಿ ಜಾರುವುದೂ ನಿಜ. ಆದರೆ ಸಭೆಗೆ ಬರುವವರು ರಸ್ತೆ ಬದಿಯ ಮನೆಯವರು. ಹಳ್ಳದಾಚೆಯ ನಾಲ್ಕು ಮನೆಯವರು ಮಳೆಗಾಲದ ಸಭೆಗೆ ಬರಬೇಕೆಂದರೆ ಹಳ್ಳದ ಮೇಲಿನ ಸಂಕ, ಅಂದರೆ ಕಾಲುಸೇತುವೆ, ದಾಟಬೇಕು. ದನಿ ದೊಡ್ಡದಾದಲ್ಲಿಗೆ ಹಣ ಹೋಗುವುದು ಹೀಗೆಯೇ.

ದಾರಿಯನ್ನಲ್ಲ, ಜಾಗವನ್ನು ಎಣಿಸುವುದು

ಮೊದಲ ತಿದ್ದುಪಡಿ ಇಲ್ಲಿಂದ. "ಈ ದಾರಿ ಕೆಟ್ಟಿದೆ" ಎಂದು ಬರೆದರೆ ಅಂದಾಜು ಪಟ್ಟಿಯಲ್ಲಿ ಇಡೀ ದಾರಿ ಬರುತ್ತದೆ, ಮೊತ್ತ ನೋಡಿ ಎಲ್ಲರೂ ಕೈಬಿಡುತ್ತಾರೆ. ನಿಜದಲ್ಲಿ ಎರಡು ಕಿ.ಮೀ. ದಾರಿ ನಿಲ್ಲುವುದು ಎರಡು ಮೂರು ಜಾಗದಲ್ಲಿ: ಒಂದು ಸಂಕ, ಒಂದು ಕಸ ಕಟ್ಟಿಕೊಂಡ ಮೋರಿ, ಒಂದು ಕುಸಿಯುವ ಧರೆ (ದಾರಿ ಬದಿಯ ಕಡಿದಾದ ಮಣ್ಣಿನ ಗೋಡೆ). ಉಳಿದದ್ದು ಕೆಸರಿದ್ದರೂ ನಡೆಯಬಹುದು. 23 ಕಿ.ಮೀ. ನಡೆದು ನೋಡಿದಾಗ ಗುರುತಿಗೆ ಬಂದ ಜಾಗಗಳು 31.

ನಡೆದು ನೋಡುವ ಕಾಲವೂ ಮುಖ್ಯ. ಫೆಬ್ರವರಿಯಲ್ಲಿ ಎಲ್ಲ ದಾರಿಯೂ ಚೆಂದವೇ. ಆರಿದ್ರ ಇಲ್ಲವೇ ಪುನರ್ವಸು ಮಳೆಯಲ್ಲಿ, ಅಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಜೋರು ಮಳೆ ಬಿಟ್ಟ ಅರ್ಧ ಗಂಟೆಯೊಳಗೆ ಹೋಗಬೇಕು. ನೀರು ಎಲ್ಲಿ ದಾರಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದು ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಇಬ್ಬರು ಸಾಕು. ಕೈಯಲ್ಲಿ 5 ಮೀಟರ್ ಟೇಪು, ಅಡಿ ಗುರುತು ಹಾಕಿದ ಒಂದು ಕೋಲು, ಮೊಬೈಲು. ಪ್ರತಿ ಜಾಗಕ್ಕೂ ಕೋಲು ನಿಲ್ಲಿಸಿದ ಎರಡು ಚಿತ್ರ, ಜಿಪಿಎಸ್ ಗುರುತು, ನೀರು ಬರುವ ದಿಕ್ಕು. ಹಳ್ಳದ ದಡದ ಮರಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯ ಮಟ್ಟವನ್ನೂ ಅಳೆಯಬೇಕು, ನೆರೆ ಎಲ್ಲಿಯವರೆಗೆ ಏರಿತ್ತೆಂದು ಅದು ಹೇಳುತ್ತದೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ, ಇಲ್ಲದಿದ್ದರೆ ಮೂರನೇ ದಾರಿಯ ಹೊತ್ತಿಗೆ ಅಳತೆ ಅಂದಾಜಾಗಿಬಿಡುತ್ತದೆ.

ಓಡಾಡುವವರ ಎಣಿಕೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಸಂಜೆ ಮೂರೂವರೆಯಿಂದ ಐದೂವರೆ. ಒಂದು ಶಾಲೆಯ ದಿನ, ಒಂದು ಸಂತೆಯ ದಿನ. ಇದರಲ್ಲೊಂದು ಮೋಸವಿದೆ. ದಾರಿ ತೀರಾ ಕೆಟ್ಟಿದ್ದರೆ ಅಲ್ಲಿ ಯಾರೂ ಓಡಾಡುವುದಿಲ್ಲ, ಎಣಿಕೆ ಸೊನ್ನೆ ಬರುತ್ತದೆ, ಸೊನ್ನೆ ಬಂದ ದಾರಿಗೆ ಹಣ ಬೇಡ ಎಂದಾಗುತ್ತದೆ. ಆದ್ದರಿಂದ ಶಾಲೆಯ ಹಾಜರಿ ಪುಸ್ತಕದಲ್ಲಿ ಜುಲೈ-ಆಗಸ್ಟ್‌ನಲ್ಲಿ ಯಾವ ಮನೆಗಳ ಮಕ್ಕಳು ತಪ್ಪಿಸುತ್ತಾರೆ ಎಂದು ನೋಡಬೇಕು. ಆಶಾ ಕಾರ್ಯಕರ್ತೆಯನ್ನೂ ಡೈರಿಯಲ್ಲಿ ಹಾಲು ಅಳೆಯುವವರನ್ನೂ ಕೇಳಬೇಕು. ಮಳೆಗಾಲದಲ್ಲಿ ಯಾರ ಹಾಲು ಬರುವುದಿಲ್ಲ ಎಂಬುದು ಡೈರಿಯವರ ಬಾಯಲ್ಲೇ ಇರುತ್ತದೆ.

ನಾಲ್ಕು ಪ್ರಶ್ನೆ, ಒಂದು ಗುಣಾಕಾರ

ಪ್ರತಿ ಜಾಗಕ್ಕೂ ನಾಲ್ಕು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ. ಅಲ್ಲಿ ಎಡವಟ್ಟಾದರೆ ಪೆಟ್ಟು ಎಷ್ಟು: ಬಟ್ಟೆ ಕೆಸರಾದರೆ 0, ಜೀವ ಹೋಗಬಹುದಾದರೆ 3. ಬೇರೆ ದಾರಿ ಇದೆಯೇ: ಹತ್ತು ನಿಮಿಷದ ಸುತ್ತಾದರೆ 0, ಅರ್ಧ ಗಂಟೆಯವರೆಗೆ 1, ಅದಕ್ಕೂ ಹೆಚ್ಚಾದರೆ 2, ಮಳೆಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ 3. ಯಾರು ಎಷ್ಟು ಸಲ ಓಡಾಡುತ್ತಾರೆ. ಕೊನೆಯದು, ಈ ವರ್ಷ ಬಿಟ್ಟರೆ ಬರುವ ವರ್ಷ ಖರ್ಚು ಎಷ್ಟು ಹಿಗ್ಗುತ್ತದೆ.

ನಾಲ್ಕನ್ನೂ ಸುಮ್ಮನೆ ಕೂಡಿದರೆ ಲೆಕ್ಕ ದಾರಿ ತಪ್ಪುತ್ತದೆ. ಡೈರಿ ದಾರಿಯ ಕೆಸರಿಗೆ 1, 2, 3, 2, ಕೂಡಿದರೆ 8. ಹಳ್ಳದಾಚೆಯ ಸಂಕಕ್ಕೆ 3, 3, 1, 1, ಅದೂ 8. ಕಾಲು ಕೆಸರಾಗುವುದೂ ಮಗು ಹಳ್ಳಕ್ಕೆ ಬೀಳುವುದೂ ಒಂದೇ ಎಂದಂತಾಯಿತು. ಹಾಗಾಗಿ ಮೊದಲ ಎರಡನ್ನು ಗುಣಿಸಿ, ಉಳಿದೆರಡನ್ನು ಕೂಡಿಸಬೇಕು. ಪೆಟ್ಟು ದೊಡ್ಡದಿದ್ದು ತಪ್ಪಿಸಿಕೊಳ್ಳಲು ಬೇರೆ ದಾರಿಯೂ ಇಲ್ಲದ ಜಾಗ ಆಗ ತಾನಾಗಿ ಮೇಲೆ ಬರುತ್ತದೆ.

ಪಟ್ಟಿಯ ತುದಿ ಹೀಗಾಯಿತು:

ತೂಗುಸೇತುವೆ: 3 × 3 + 2 + 1 = 12
ಹಳ್ಳದಾಚೆಯ ಸಂಕ: 3 × 3 + 1 + 1 = 11
ಹೈಸ್ಕೂಲಿನ ಸೈಕಲ್ ದಾರಿಯ ಮೋರಿ: 2 × 2 + 2 + 3 = 9
ಧರೆ ಬದಿಯ ದಾರಿ: 3 × 1 + 2 + 3 = 8
ಡೈರಿ ದಾರಿ: 1 × 2 + 3 + 2 = 7
ದೇವಸ್ಥಾನದ ದಾರಿ: 1 × 0 + 3 + 1 = 4

ಅಂಕವೇ ಅಂತಿಮವಲ್ಲ. ಒಂದು ಅಂಕದ ವ್ಯತ್ಯಾಸಕ್ಕೆ ಜಗಳವಾಡಬಾರದು. ಹತ್ತಿರದ ಅಂಕಗಳಿದ್ದರೆ ಕಡಿಮೆ ಹಣದಲ್ಲಿ ಮುಗಿಯುವುದು ಮೊದಲು.

ತೂಗುಸೇತುವೆ: 18,000 ರೂಪಾಯಿ

ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಮೇಲೆ ಕರಾವಳಿ, ಮಲೆನಾಡಿನ ಹಲವು ಊರುಗಳಿಗೆ ಇಂಥ ಸೇತುವೆ ಬಂದವು. ಕಟ್ಟುವಾಗ ಇದ್ದ ಉತ್ಸಾಹ ನೋಡಿಕೊಳ್ಳುವಾಗ ಇರುವುದಿಲ್ಲ. ಕಣ್ಣಿಗೆ ಕಾಣುವುದು ಮುರಿದ ಹಲಗೆ, ಆದರೆ ಅಪಾಯ ಇರುವುದು ಉಕ್ಕಿನ ಹಗ್ಗದ ತುದಿಯಲ್ಲಿ. ಹಗ್ಗವನ್ನು ಮಡಚಿ ಬಿಗಿದ ಯು-ಕ್ಲಿಪ್ಪುಗಳು ಕನಿಷ್ಠ ಮೂರಿರಬೇಕು, ಹಗ್ಗ ದಪ್ಪಗಾದಂತೆ ಇನ್ನೂ ಹೆಚ್ಚು. ನಡುವಿನ ಅಂತರ ಹಗ್ಗದ ವ್ಯಾಸದ ಆರು ಪಟ್ಟು, ಅಂದರೆ 20 ಮಿ.ಮೀ. ಹಗ್ಗಕ್ಕೆ 12 ಸೆಂ.ಮೀ. ಕ್ಲಿಪ್ಪಿನ ತಡಿ, ಅಂದರೆ ಅಚ್ಚು ಇರುವ ಅಗಲ ಭಾಗ, ಭಾರ ಹೊರುವ ಹಗ್ಗದ ಮೇಲೆ ಕೂರಬೇಕು. ಯು ಆಕಾರದ ಕಂಬಿ ಮಡಚಿದ ತುಂಡಿನ ಮೇಲೆ. ತಿರುವು ಮುರುವು ಹಾಕಿದರೆ ಕಂಬಿ ಭಾರದ ಹಗ್ಗವನ್ನೇ ಜಜ್ಜುತ್ತದೆ. ದುರಸ್ತಿಗೆ ಬಂದವರು ಒಂದನ್ನು ಸರಿ, ಒಂದನ್ನು ತಿರುಗಿಸಿ ಹಾಕಿ ಹೋಗಿರುವುದು ಅಪರೂಪವಲ್ಲ.

ಹಗ್ಗ ಕಾಂಕ್ರೀಟಿನೊಳಗೆ ಹೋಗುವ ಬಾಯಿಯಲ್ಲಿ ಎಲೆ, ಮಣ್ಣು ಕೂತು ನೀರು ನಿಲ್ಲುತ್ತದೆ, ತುಕ್ಕು ಹಿಡಿಯುವುದು ಅಲ್ಲೇ. ಕೆರೆದು ನೋಡಿ, ಎಳೆಗಳು ಕಡಿದಿದ್ದರೆ ಸೇತುವೆ ಮುಚ್ಚಿ ಇಂಜಿನಿಯರಿಗೆ ತಿಳಿಸಬೇಕು; ಅದು ಊರವರು ಕೈಹಾಕುವ ಕೆಲಸವಲ್ಲ. ಇಲ್ಲಿ ಎಳೆ ಗಟ್ಟಿಯಿತ್ತು. ಹೊಸ ಕ್ಲಿಪ್ಪು, ಗ್ರೀಸು, 14 ಹಲಗೆ, ಹಲಗೆಗೆ ಗ್ಯಾಲ್ವನೈಸ್ ಮಾಡಿದ ಬೋಲ್ಟು. ಬಿಗಿದು ಒಂದು ವಾರ ಜನ ಓಡಾಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಭಾರ ಬಿದ್ದಾಗ ಹಗ್ಗ ಸ್ವಲ್ಪ ತೆಳುವಾಗಿ ಕ್ಲಿಪ್ಪು ಸಡಿಲುತ್ತದೆ.

ಸಂಕ: 1,35,000 ರೂಪಾಯಿ

ಹಳ್ಳದಾಚೆ ನಾಲ್ಕು ಮನೆ. ಇದ್ದ ಸಂಕ ಮೂರು ಅಡಕೆ ಮರದ್ದು, ಹಿಡಿಯಲು ಒಂದು ಬಿದಿರು. ಅಡಕೆ ಮರ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ದಡದ ಹಸಿ ಮಣ್ಣಿನ ಮೇಲೆ ಕೂತ ತುದಿ ಒಳಗಿಂದ ಕೊಳೆಯುತ್ತದೆ. ಕತ್ತಿಯ ಬೆನ್ನಿನಿಂದ ತುದಿಗೆ ಬಡಿದರೆ ಗೊತ್ತಾಗುತ್ತದೆ: ಟಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಬದಲಿಸಬೇಕು.

ದೊಡ್ಡ ಕಾಂಕ್ರೀಟು ಕಾಲುಸಂಕಕ್ಕೆ ಸರ್ಕಾರದ ಯೋಜನೆಗೇ ಬರೆಯಬೇಕು, ಬರೆದು ಕಾಯಬೇಕು. ಕಾಯುವವರೆಗೆ ಮಕ್ಕಳು ದಾಟುವುದು ನಿಲ್ಲುವುದಿಲ್ಲ. ಪಂಚಾಯಿತಿ ಆರಿಸಿಕೊಂಡದ್ದು ಉಕ್ಕಿನ ತೊಲೆಯ ಸಂಕ. ಎರಡು ದಡದ ನಡುವೆ 6 ಮೀಟರ್, ಎರಡು ಬದಿ 60 ಸೆಂ.ಮೀ. ಊರಲು ಸೇರಿಸಿ 7.2 ಮೀಟರ್ ಉದ್ದದ 200 ಮಿ.ಮೀ. ಎತ್ತರದ ಐ ಆಕಾರದ ತೊಲೆ ಎರಡು. 150 ಮಿ.ಮೀ.ದು ಅಗ್ಗ, ಆದರೆ ನಾಲ್ಕು ಜನ ಒಟ್ಟಿಗೆ ನಡೆದರೆ ತೂಗಾಡುತ್ತದೆ. ತೂಗಾಡುವ ಸಂಕದ ಮೇಲೆ ವಯಸ್ಸಾದವರು ಕಾಲಿಡುವುದಿಲ್ಲ. ತೊಲೆಗಳು ಮಗುಚದಂತೆ ನಡುವೆ ಮೂರು ಕಡೆ ಅಡ್ಡ ಆ್ಯಂಗಲ್ ಕಟ್ಟಬೇಕು. ಈ ಲೆಕ್ಕವನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು ನೋಡಿ ಸಹಿ ಹಾಕಿದ ಮೇಲೆಯೇ ಕೆಲಸ ಶುರು.

ಮೀಟರಿಗೆ ಸುಮಾರು 25 ಕೆ.ಜಿ. ಎಂದರೆ ಒಂದು ತೊಲೆ 180 ಕೆ.ಜಿ. ದಾಟುತ್ತದೆ. ಪಿಕಪ್ ಗದ್ದೆ ಬಯಲಿನವರೆಗೆ, ಅಲ್ಲಿಂದ ಎಂಟು ಜನರ ಹೆಗಲು. ಗದ್ದೆ ಹಾಳಿಯ (ಬದುವಿನ) ಮೇಲೆ ಹೊರಬೇಕಾದ್ದರಿಂದ ಕೆಲಸ ಕೊಯ್ಲು ಮುಗಿದ ಮೇಲೆ, ಜನವರಿಯಲ್ಲಿ. ಮೇಲೆ ಹಾಸಲು ಅಚ್ಚಿನಲ್ಲಿ ಹೊಯ್ದ ಕಾಂಕ್ರೀಟು ಹಾಸು: 1.2 ಮೀಟರ್ ಉದ್ದ, 30 ಸೆಂ.ಮೀ. ಅಗಲ, ಏಳೂವರೆ ಸೆಂ.ಮೀ. ದಪ್ಪ, ಒಳಗೆ ಕಬ್ಬಿಣ. ಒಂದೊಂದೂ 67 ಕೆ.ಜಿ.ಯಷ್ಟು, ಇಬ್ಬರು ಎತ್ತಬಹುದು. ಒಂದು ಸೆಂ.ಮೀ. ಸಂದು ಬಿಟ್ಟು ಅಡ್ಡಡ್ಡ ಜೋಡಿಸಿದರೆ 23 ಹಾಸು. ಉದ್ದುದ್ದ ಹಲಗೆ ಹಾಕಿದ ಸಂಕಗಳಲ್ಲಿ ಸೈಕಲ್ಲಿನ ಚಕ್ರ ಸಂದಿಗೆ ಸಿಕ್ಕಿ ಸವಾರ ನೇರ ಹಳ್ಳಕ್ಕೆ. ಅಡ್ಡ ಹಾಕಿದರೆ ಆ ಭಯವಿಲ್ಲ. ಹಾಸಿನ ಮೇಲ್ಮೈಯನ್ನು ಕರಣೆಯಿಂದ ನುಣುಪು ಮಾಡಬಾರದು, ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡ ಗೀರೆಳೆಯಬೇಕು.

ತೊಲೆಯ ತಳ ನೆರೆಯ ಗುರುತಿಗಿಂತ 60 ಸೆಂ.ಮೀ. ಮೇಲೆ. ನೀರಿಗಿಂತ ನೀರಿನಲ್ಲಿ ಬರುವ ಮರದ ದಿಮ್ಮಿಯೇ ಸಂಕ ಕೀಳುವುದು. ಕೈಪಿಡಿ ಒಂದು ಮೀಟರ್ ಎತ್ತರ, ಎರಡೂ ಬದಿ. ಮಕ್ಕಳಿಗೆಂದು ನಡುವೆ ಇನ್ನೊಂದು ಪೈಪು. ದಡದ ಕಟ್ಟೆಯ ಬುಡಕ್ಕೆ ದೊಡ್ಡ ಕಾಡುಕಲ್ಲು ಜೋಡಿಸದಿದ್ದರೆ ಎರಡನೇ ಮಳೆಗಾಲಕ್ಕೆ ನೀರು ಅಡಿಪಾಯ ಕೊರೆದಿರುತ್ತದೆ.

ಸೈಕಲ್ ದಾರಿ: 62,000 ರೂಪಾಯಿ

2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಟ್ಟಿತು. ಸೈಕಲ್ಲು ಬಂತು, ದಾರಿ ಹಾಗೆಯೇ ಉಳಿಯಿತು. ಇಲ್ಲಿಯ ಹೈಸ್ಕೂಲಿನ ದಾರಿ 4 ಕಿ.ಮೀ., ಕೆಟ್ಟದ್ದು ಐದೇ ಜಾಗ. ಐದಕ್ಕೂ ಕಾರಣ ನೀರು.

ಮೋರಿಗೆ ಹಾಕಿದ್ದು 300 ಮಿ.ಮೀ. ಪೈಪು. ನೀರಿನ ಲೆಕ್ಕಕ್ಕೆ ಅದು ಸಾಕಾಗಬಹುದು, ಎಲೆಯ ಲೆಕ್ಕಕ್ಕೆ ಸಾಲದು. ಕಾನಿನ (ಕಾಡಿನ) ಅಂಚಿನಲ್ಲಿ ಬೇಸಿಗೆಯಲ್ಲಿ ಉದುರಿದ ಎಲೆಯೆಲ್ಲ ಮೃಗಶಿರ ಮಳೆಯ ಮೊದಲ ನೀರಿಗೆ ಒಟ್ಟಿಗೆ ಬಂದು ಬಾಯಿ ಕಟ್ಟುತ್ತದೆ. ಸಣ್ಣ ಪೈಪಿನೊಳಗೆ ಕೈಯೂ ಹೋಗದು, ಗುದ್ದಲಿಯೂ ಹೋಗದು. ಕಟ್ಟಿದ ನೀರು ದಾರಿಯ ಮೇಲೆ ಹರಿದು ಮಣ್ಣು ಕೊಚ್ಚುತ್ತದೆ. 600 ಮಿ.ಮೀ. ಹಾಕಿ, ಬಾಯಿಯ ಮುಂದೆ ಎಲೆ ತಡೆಯುವ ಗುಂಡಿ ಮಾಡಿದರೆ ಒಬ್ಬ ಮನುಷ್ಯ ಹತ್ತು ನಿಮಿಷದಲ್ಲಿ ಬಿಡಿಸಬಹುದು.

ಉಳಿದ ನಾಲ್ಕು ಜಾಗ ಇಳಿಜಾರು. ಕಾಲುದಾರಿಯಾದರೆ ಓರೆಯಾಗಿ ಕಲ್ಲು ಸಾಲು ಹೂತು ನೀರನ್ನು ಬದಿಗೆ ತಿರುಗಿಸುತ್ತಾರೆ. ಸೈಕಲ್ ದಾರಿಗೆ ಅದು ಬೇಡ. ಒದ್ದೆ ಕಲ್ಲಿನ ಮೇಲೆ ಓರೆಯಾಗಿ ಹತ್ತಿದ ಚಕ್ರ ಜಾರುತ್ತದೆ, ಮಳೆಯಲ್ಲಿ ರಿಮ್ಮಿನ ಬ್ರೇಕೂ ಹಿಡಿಯುವುದಿಲ್ಲ. ಬದಲಿಗೆ ದಾರಿಯನ್ನೇ ಮೂರು ನಾಲ್ಕು ಮೀಟರ್ ಉದ್ದಕ್ಕೆ 10-15 ಸೆಂ.ಮೀ. ತಗ್ಗಿಸಿ, ತಗ್ಗಿನ ಕೆಳಬದಿಗೆ ನೀರು ಹೊರಡುವ ಬಾಯಿ ಬಿಡುವುದು. ನೂರಕ್ಕೆ ಐದರ ಇಳಿಜಾರಿಗೆ 25-30 ಮೀಟರಿಗೊಂದು, ನೂರಕ್ಕೆ ಹತ್ತರ ಇಳಿಜಾರಿಗೆ 12-15 ಮೀಟರಿಗೊಂದು.

ಇಂಥ ದಾರಿ ಕೆಡುವುದಕ್ಕೆ ಮಳೆಯಷ್ಟೇ ಜೆಸಿಬಿಯೂ ಕಾರಣ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ ಬೀಳುವುದು ಹೊಸದಲ್ಲ, ಹಳೆಯ ಕಾಲುದಾರಿಗಳು ಅದನ್ನು ತಾಳಿಕೊಂಡೇ ಬಂದವು. "ದಾರಿ ಕ್ಲೀನ್ ಮಾಡಿಕೊಡ್ತೀವಿ" ಎಂದು ಗಂಟೆ ಲೆಕ್ಕದಲ್ಲಿ ಬಂದ ಯಂತ್ರ ಹುಲ್ಲು, ಬೇರು, ಮೇಲಿನ ಗಟ್ಟಿ ಮಣ್ಣು ಎಲ್ಲ ಕೆರೆದು ಎರಡು ಬದಿಗೆ ಒಟ್ಟುತ್ತದೆ. ದಾರಿ ಅಕ್ಕಪಕ್ಕದ ನೆಲಕ್ಕಿಂತ ತಗ್ಗಾಯಿತು, ನೀರು ಹೊರಹೋಗಲು ಬದಿಯ ದಿಣ್ಣೆ ಬಿಡುವುದಿಲ್ಲ, ಮುಂದಿನ ಆರಿದ್ರಕ್ಕೆ ದಾರಿಯೇ ಹಳ್ಳ. ಯಂತ್ರ ಬಂದರೂ ಕೆಳಬದಿಯ ದಿಣ್ಣೆಯನ್ನು ಬಿಡಿಸಿ ಹೋಗಬೇಕು, ದಾರಿಗೆ ಹೊರಬದಿಗೆ ನೂರಕ್ಕೆ ಮೂರರಿಂದ ಐದರಷ್ಟು ಓರೆ ಇರಬೇಕು ಎಂದು ಕೆಲಸದ ಆದೇಶದಲ್ಲೇ ಬರೆಯುವುದು ಒಳ್ಳೆಯದು.

ಧರೆ ಮತ್ತು ಡೈರಿ: 65,000 ರೂಪಾಯಿ

ಧರೆ ಬದಿಯ ದಾರಿಗೆ 40,000, ಹೆಚ್ಚಿನದು ಕೂಲಿ. ಮೇಲೆ ಜಂಬಿಟ್ಟಿಗೆಯ (ಮುರಕಲ್ಲಿನ) ಗಟ್ಟಿ ಪದರ, ಅದರಡಿ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಕರಗಿ ಕೆಳಗಿನಿಂದ ಜಾರುತ್ತದೆ, ಮೇಲಿನ ಕಲ್ಲು ಆಧಾರವಿಲ್ಲದೆ ಬೀಳುತ್ತದೆ. ಬಿದ್ದ ಮಣ್ಣು ತೆಗೆಯುವುದು ದುರಸ್ತಿಯಲ್ಲ, ಬುಡ ಕೆರೆದಷ್ಟೂ ಮತ್ತೆ ಬೀಳುತ್ತದೆ. ಕೆಲಸ ಮಾಡಬೇಕಾದ್ದು ಮೇಲೆ: ಧರೆಯ ಅಂಚಿನಿಂದ ಎರಡು ಮೂರು ಮೀಟರ್ ಹಿಂದೆ, 45 ಸೆಂ.ಮೀ. ಅಗಲ, ಅಷ್ಟೇ ಆಳದ ಅಗಳು ತೆಗೆದು ನೀರನ್ನು ಬೇರೆಡೆ ಇಳಿಸುವುದು. ನೆಲ ಬಿರುಕು ಬಿಟ್ಟಿದ್ದರೆ ಜೇಡಿ ತುಂಬಿ ಗುದ್ದುವುದು. ಬುಡಕ್ಕೆ ಗಾರೆಯಿಲ್ಲದ ಕಲ್ಲುಕಟ್ಟು. ಗಾರೆ ಹಾಕಿದರೆ ಒಳಗಿನ ನೀರು ಹೊರಬರಲಾರದೆ ಗೋಡೆಯನ್ನೇ ದೂಡುತ್ತದೆ. ಬಿರುಕು ಮಳೆಯಲ್ಲಿ ಅಗಲವಾಗುತ್ತಿದ್ದರೆ ದಾರಿಗೆ ಬೇಲಿ ಕಟ್ಟಿ ಮುಚ್ಚುವುದೊಂದೇ ದಾರಿ, ಅರ್ಧ ಗಂಟೆಯ ಸುತ್ತು ಇದ್ದೇ ಇದೆ.

ಡೈರಿ ದಾರಿಯ 40 ಮೀಟರ್ ಕೆಸರಿಗೆ 25,000: ಬದಿಗಾಲುವೆ ಮೊದಲು, ಆಮೇಲೆ ದಪ್ಪ ಕಲ್ಲಿನ ಹಾಸು, ಮೇಲೆ ಜಂಬಿಟ್ಟಿಗೆ ಪುಡಿ. ಕಾಲುವೆ ಇಲ್ಲದೆ ಕಲ್ಲು ಸುರಿದರೆ ಮರುವರ್ಷ ಕಲ್ಲು ಕೆಸರಿನೊಳಗೆ ಹೂತಿರುತ್ತದೆ.

ಉಳಿದ 20,000

ಐದೂ ಸೇರಿ 2,80,000. ಮಿಕ್ಕ 20,000ವನ್ನು ಕೆಲಸಕ್ಕೆ ಕಟ್ಟದೆ ಮಳೆಗಾಲಕ್ಕೆಂದು ಇಟ್ಟದ್ದು ಈ ಪಟ್ಟಿಯ ಜಾಣತನ. ಒಬ್ಬರು, ಕತ್ತಿ ಗುದ್ದಲಿ ಹಿಡಿದು, ಮೇ ನಡುವೆ ಒಮ್ಮೆ, ಮೊದಲ ದೊಡ್ಡ ಮಳೆಯ ಮರುದಿನ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಎಲ್ಲ ಮೋರಿ, ಅಗಳು ಬಿಡಿಸಿ ಬರುವುದು. ಎರಡನೆಯ ಸುತ್ತೇ ಬಹಳ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ. ಗಿಡ ಸವರುವುದು ದಾರಿಯ ಎರಡೂ ಬದಿ ಅರ್ಧ ಮೀಟರ್, ತಲೆಯ ಮೇಲೆ ಎರಡೂವರೆ ಮೀಟರ್. ಬೇರು ಕೀಳದೆ ಹುಲ್ಲು ಉಳಿಸಿ.

ದೇವಸ್ಥಾನದ ದಾರಿಗೂ ಇದರಿಂದಲೇ ಎರಡು ಆಳು: ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ, ನುಣುಪಾದ ಮೆಟ್ಟಿಲಿಗೆ ಉಳಿಯಿಂದ ಗೀರು ಹಾಕಿ, ಬೆಳಕು ಬೀಳುವಂತೆ ಮೇಲಿನ ನಾಲ್ಕು ಕೊಂಬೆ ಕಡಿದರು. ನೆರಳೂ ತೇವವೂ ಹೋಗದೆ ಹೊಸ ಕಾಂಕ್ರೀಟು ಹಾಕಿದ್ದರೆ ಅದೂ ಎರಡೇ ಮಳೆಗೆ ಪಾಚಿ ಕಟ್ಟುತ್ತಿತ್ತು. ಸಭೆಯಲ್ಲಿ ಇದನ್ನು ಒಪ್ಪಿಸಲು ಅಂಕಪಟ್ಟಿಗಿಂತ ಸಂಕದ ಕೊಳೆತ ತುದಿಯ ಚಿತ್ರ ಹೆಚ್ಚು ಕೆಲಸ ಮಾಡಿತು.

ಮಳೆಯ ನಂತರ

ತಪ್ಪಿದ್ದು ಸೈಕಲ್ ದಾರಿಯ ಮೋರಿ. ದೊಡ್ಡ ಪೈಪಿನಿಂದ ನೀರು ರಭಸವಾಗಿ ಹೊರಬಂತು, ಹೊರಬಾಯಿಯಲ್ಲಿ ಕಲ್ಲು ಹಾಸಿರಲಿಲ್ಲ. ಕೆಳಗಿನ ಗದ್ದೆಯ ಹಾಳಿ ಒಡೆದು ಸಸಿಮಡಿಯ ಮೇಲೆ ಮರಳು ಬಿತ್ತು. ಗದ್ದೆಯವರು ಪೈಪಿನ ಬಾಯಿಗೆ ಚೀಲ ತುರುಕಿದರು, ಅವರ ಕಷ್ಟಕ್ಕೆ ಅದು ಸಹಜವೇ. ಹೊರಬಾಯಿಯಿಂದ ಎರಡು ಮೀಟರ್‌ವರೆಗೆ ದಪ್ಪ ಕಲ್ಲು ಹಾಸಿ, ನೀರನ್ನು ಗದ್ದೆಯ ಮೂಲೆಯ ಸರಲಿಗೆ (ಸಣ್ಣ ಹಳ್ಳಕ್ಕೆ) ತಿರುಗಿಸಿದ ಮೇಲೆ ಚೀಲ ಹೊರಬಂತು. ಖರ್ಚು ಆ 20,000ದಿಂದಲೇ.

ಮುಂದಿನ ಪಟ್ಟಿಗೆ ಎರಡು ಕಾಗದದ ಕೆಲಸ ಸೇರಿವೆ. ಒಂದು ದಾರಿ ಅಡಕೆ ತೋಟದೊಳಗೆ ಹಾಯುತ್ತದೆ, ಮಾಲೀಕರು ದಣಪೆ (ಅಡ್ಡಗಳದ ಗೇಟು) ಹಾಕಿದ್ದಾರೆ. ಗ್ರಾಮ ನಕ್ಷೆಯಲ್ಲಿ ಕಾಲುದಾರಿಯ ಚುಕ್ಕೆ ಗೆರೆ ಇದೆಯೇ ಎಂದು ನೋಡಿ, ಇದ್ದರೆ ತಹಶೀಲ್ದಾರರಿಗೆ ಅರ್ಜಿ, ಇಲ್ಲದಿದ್ದರೆ ಬರಹದ ಒಪ್ಪಿಗೆ ಕೇಳಿ ಮಾಲೀಕರಿಗೆ ಅರ್ಜಿ. ಒಪ್ಪಿಗೆ ಬಾರದೆ ಅಲ್ಲಿ ಒಂದು ಬುಟ್ಟಿ ಮಣ್ಣೂ ಹಾಕುವಂತಿಲ್ಲ. ಇನ್ನೊಂದು ದಾರಿ ಅರಣ್ಯದೊಳಗೆ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2)ರಲ್ಲಿ ರಸ್ತೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಲು ಅವಕಾಶವಿದೆ. ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಈ ಎರಡಕ್ಕೂ ಅರ್ಜಿ ಹೋಗಬೇಕಾದ್ದು ದೀಪಾವಳಿಯ ಹೊತ್ತಿಗೆ. ಆಗ ಕೊಟ್ಟರೆ ಕಲ್ಲು, ಮರಳು ಒಳಗೆ ಸಾಗಿಸಲು ಬೇಸಿಗೆ ಸಿಗುತ್ತದೆ.